ಜಾಲಿ ಗಿಡದಿಂದ ಗಂಜಿನವರೆಗೆ: ಕಲಬುರಗಿ ಸೀಮೆಯಲ್ಲಿ ಅಂಟು ಬಿಡಿಸಿ, ಒಣಗಿಸಿ, ಮಾರುವ ಸಮಗ್ರ ಮಾರ್ಗದರ್ಶಿ

ಬಾಣಂತಿಗೆ ಅಂಟಿನ ಉಂಡಿ ಕಟ್ಟದ ಮನೆ ನಮ್ಮ ಕಡೆ ಸಿಗುವುದು ಕಷ್ಟ. ಆ ಅಂಟು ಎಲ್ಲಿಂದ ಬಂತು ಅಂತ ಕೇಳಿದರೆ ಮಾತ್ರ ಎಲ್ಲರೂ ಕಿರಾಣಿ ಅಂಗಡಿ ಕಡೆ ಕೈ ತೋರಿಸುತ್ತಾರೆ. ಅದೇ ಹೊತ್ತಿಗೆ ಊರ ಹೊರಗೆ, ಹೊಲದ ಒಡ್ಡಿನ ಮೇಲಿರುವ ಜಾಲಿ ಗಿಡದಲ್ಲಿ ಅಂಟು ಜಿನುಗಿ ನಿಂತಿರುತ್ತದೆ. ದನ ಕಾಯುವ ಹುಡುಗರು ಒಂದಿಷ್ಟು ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಾರೆ. ಉಳಿದದ್ದು ಜೂನಿನ ಮಿರಗದ (ಮೃಗಶಿರಾ) ಮಳೆಗೆ ಕರಗಿ ಮಣ್ಣಿಗೆ ಹೋಗುತ್ತದೆ.

ಈ ಬರಹ ಅದನ್ನು ಬಿಡಿಸಿ ಮಾರುವವರಿಗಾಗಿ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಇದರಲ್ಲಿ ಯಾರೂ ಸಾಹುಕಾರರಾಗುವುದಿಲ್ಲ. ಒಂದು ಜಾಲಿ ಗಿಡ ಒಂದು ಬೇಸಿಗೆಗೆ ಒಂದು ಕಿಲೋ ಅಂಟು ಕೊಟ್ಟರೆ ಅದು ಪುಣ್ಯದ ಗಿಡ. ಹೆಚ್ಚಿನವು ಅದಕ್ಕಿಂತ ಬಹಳ ಕಡಿಮೆ ಕೊಡುತ್ತವೆ. ಆದರೆ ತೊಗರಿ ರಾಶಿ ಮುಗಿದು, ಹಿಂಗಾರಿ ಜೋಳ ಮನೆಗೆ ಬಂದ ಮೇಲೆ ಬಿತ್ತನೆವರೆಗೆ ಕೈ ಖಾಲಿ ಇರುತ್ತದಲ್ವಾ, ಆ ತಿಂಗಳುಗಳಲ್ಲೇ ಅಂಟು ಬರುವುದು. ಅದೇ ಇದರ ಅನುಕೂಲ.

ಇನ್ನೊಂದು ಮಾತು. ಅಂಟಿನಲ್ಲಿ ದುಡ್ಡು ಸಿಗುವುದು ಗಿಡಕ್ಕೆ ಆಳವಾಗಿ ಕಚ್ಚು ಹಾಕಿದ್ದಕ್ಕಲ್ಲ, ಕಿತ್ತ ಮಾಲನ್ನು ಬೇರೆ ಬೇರೆ ಇಟ್ಟಿದ್ದಕ್ಕೆ. ಗಿಡದ ಪ್ರಕಾರ ಬೇರೆ, ಬಣ್ಣದ ಪ್ರಕಾರ ಬೇರೆ, ಹಸಿ ಬೇರೆ, ಒಣ ಬೇರೆ. ಈ ಒಂದು ಶಿಸ್ತು ಇದ್ದರೆ ಐದು ಕಿಲೋ ಮಾಲಿಗೂ ಗಿರಾಕಿ ಸಿಗುತ್ತಾನೆ. ಇಲ್ಲದಿದ್ದರೆ ಒಂದು ಚೀಲ ಇದ್ದರೂ "ಮಿಕ್ಸ್ ಮಾಲು" ಅನ್ನಿಸಿಕೊಂಡು ಕೆಳಗಿನ ದರಕ್ಕೆ ಹೋಗುತ್ತದೆ.

1. ಯಾವ ಗಿಡದ ಅಂಟು, ಯಾತಕ್ಕೆ

ಗಿಡಕ್ಕೆ ಗಾಯವಾದಾಗ, ಅಥವಾ ಬಿಸಿಲಿಗೆ, ನೀರಿನ ಕೊರತೆಗೆ ಸಿಕ್ಕಾಗ ತೊಗಟೆಯಿಂದ ಅಂಟು ಜಿನುಗುತ್ತದೆ. ಎಲ್ಲ ಗಿಡದ ಅಂಟೂ ಒಂದೇ ಅಲ್ಲ. ಕಲಬುರಗಿ, ಬೀದರ್, ಯಾದಗಿರಿ, ನಮ್ಮ ಈ ಮೂರು ಜಿಲ್ಲೆಗಳಲ್ಲಿ ಕಣ್ಣಿಗೆ ಬೀಳುವ, ಇಲ್ಲವೇ ಪೇಟೆಯಲ್ಲಿ ಸಿಗುವ ಅಂಟುಗಳು ಇಷ್ಟು.

ಕರಿಜಾಲಿ. ಎರೆ ಹೊಲದ ಒಡ್ಡು, ಹಳ್ಳದ ದಂಡೆ, ಕೆರೆ ಅಂಗಳ, ಎಲ್ಲ ಕಡೆ ಇದೆ. ಅಂಟು ತಿಳಿ ಹಳದಿಯಿಂದ ಕಂದು ಬಣ್ಣದವರೆಗೆ ಇರುತ್ತದೆ. ನೀರಲ್ಲಿ ಪೂರ್ತಿ ಕರಗುತ್ತದೆ. ಉಂಡಿಗೂ ನಡೆಯುತ್ತದೆ, ಬಟ್ಟೆಯ ಗಂಜಿ, ಶಾಯಿ, ಕಾಗದ ಅಂಟಿಸುವ ಕೆಲಸಕ್ಕೂ ನಡೆಯುತ್ತದೆ. ಈ ಬರಹದ ಮುಖ್ಯ ಗಿಡ ಇದೇ.

ದಿಂಡಿಗ. ಒಣ ಕಾಡಿನ ಮರ. ಇದರ ಅಂಟಿಗೆ ಪೇಟೆಯಲ್ಲಿ ಧಾವಡಾ ಡಿಂಕ ಅನ್ನುತ್ತಾರೆ, ಕಂಪನಿಯವರು ಘಟ್ಟಿ ಗಮ್ ಅನ್ನುತ್ತಾರೆ. ಗಾಜಿನ ಚೂರಿನ ಹಾಗೆ ಹೊಳೆಯುತ್ತದೆ. ಉಂಡಿಗೆ ಇದೇ ಬೇಕು ಅಂತ ಕೇಳುವ ಹಿರಿಯರಿದ್ದಾರೆ, ದರವೂ ಮೇಲೆಯೇ ಇರುತ್ತದೆ. ಆಹಾರದಲ್ಲಿ ಬಳಸುವ ಪದಾರ್ಥಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಇದರ ನಂಬರ್ ಐಎನ್‌ಎಸ್ 419.

ಕರಾಯ. ಒಣ ಕಲ್ಲುಗುಡ್ಡದಲ್ಲಿ ಬೆಳೆಯುವ, ಕಾಗದದಂತೆ ಸುಲಿಯುವ ಬಿಳಿ ತೊಗಟೆಯ ಮರ. ತೆಲುಗಿನವರು ತಪಸಿ ಅನ್ನುತ್ತಾರೆ. ನಮ್ಮ ಪೇಟೆಗೆ ಬರುವ ಕರಾಯ ಹೆಚ್ಚಾಗಿ ಆಂಧ್ರ, ತೆಲಂಗಾಣ, ಮಧ್ಯಪ್ರದೇಶದ ಮಾಲು. ನೀರಲ್ಲಿ ಕರಗುವುದಿಲ್ಲ, ಉಬ್ಬುತ್ತದೆ. ಮೂಸಿದರೆ ವಿನೆಗರ್ ತರಹ ಹುಳಿ ವಾಸನೆ. ಕಟ್ಟಿಸಿದ ಹಲ್ಲು ಕೂರಿಸುವ ಪುಡಿಗೆ, ಮಲಬದ್ಧತೆಯ ಔಷಧಕ್ಕೆ ಬಳಸುತ್ತಾರೆ. ನಂಬರ್ ಐಎನ್‌ಎಸ್ 416.

ಮುತ್ತುಗ. ರಕ್ತದ ಬಣ್ಣದ ಅಂಟು, ಒಣಗಿದರೆ ಕಪ್ಪಾಗುತ್ತದೆ. ರುಚಿ ಒಗರು. ಕಿರಾಣಿಯಲ್ಲಿ ಕಮರ್‌ಕಸ್ ಅಂತ ಸಿಗುವುದು ಇದೇ. ಬಾಣಂತಿ ಉಂಡಿಗೆ ಒಂದು ಚಿಟಿಕೆ ಹಾಕುವವರು ಇದ್ದಾರೆ.

ಬೇವು. ಕಂದು ಅಂಟು. ಕಹಿ ಇರುತ್ತದೆ ಅಂದುಕೊಂಡರೆ ಇರುವುದಿಲ್ಲ. ಆದರೂ ಇದನ್ನು ತಿನ್ನುವ ಮಾಲಿಗೆ ಸೇರಿಸಬೇಡಿ.

ಬಳ್ಳಾರಿ ಜಾಲಿ. ಬೀಳು ಭೂಮಿಯಲ್ಲಿ ಹಬ್ಬಿದ ಆ ಮುಳ್ಳಿನ ಪೊದೆ. ಇದರ ಅಂಟೂ ಜೇನಿನ ಬಣ್ಣದಲ್ಲಿ ಚೆನ್ನಾಗಿ ಕಾಣುತ್ತದೆ. ತೊಂದರೆ ಅಲ್ಲೇ ಇರುವುದು. ಆಹಾರದ ಅಂಟು ಅಂತ ಇದಕ್ಕೆ ಮನ್ನಣೆ ಇಲ್ಲ. ಕರಿಜಾಲಿ ಮಾಲಿನಲ್ಲಿ ಕಲಬೆರಕೆಯಾಗುವುದು ಬಹಳ ಸಲ ಇದೇ.

ಚವಳಿಕಾಯಿ ಬೀಜದ ಗ್ವಾರ್ ಗಮ್ ಕೂಡ ಅಂಟೇ, ಆದರೆ ಮರದ ಅಂಟಲ್ಲ. ಅದರ ಮಾರುಕಟ್ಟೆಯೇ ಬೇರೆ. ಯಾರಾದರೂ ಎರಡರ ದರ ಹೋಲಿಸಿ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ.

2. ಕೀಳುವ ಮೊದಲು: ಗಿಡ ಯಾರದ್ದು?

ಇದನ್ನು ದಾಟಿಕೊಂಡು ಮುಂದೆ ಹೋಗಬೇಡಿ. ನಿಮ್ಮ ಪಹಣಿಯಲ್ಲಿರುವ ಜಮೀನಿನ ಒಡ್ಡಿನ ಗಿಡವಾದರೆ ಸುಲಭ. ಅಂಟು ಬಿಡಿಸುವುದು ಗಿಡ ಕಡಿದ ಹಾಗಲ್ಲ. ಆದರೂ ಮಾಲು ಸಾಗಿಸುವಾಗ ಚೆಕ್‌ಪೋಸ್ಟಿನಲ್ಲಿ ಪ್ರಶ್ನೆ ಬರಬಹುದು. ಪಹಣಿಯ ಪ್ರತಿ ಜೊತೆಗಿಟ್ಟುಕೊಳ್ಳಿ. ಪ್ರಮಾಣ ಜಾಸ್ತಿ ಇದ್ದರೆ ಸೀಸನ್ ಶುರುವಾಗುವ ಮೊದಲೇ ವಲಯ ಅರಣ್ಯಾಧಿಕಾರಿ ಕಚೇರಿಗೆ ಒಂದು ಅರ್ಜಿ ಬರೆದು, ಪಾಸ್ ಬೇಕೋ ಬೇಡವೋ ಅಂತ ಬರಹದಲ್ಲೇ ಕೇಳಿ. ಸ್ವೀಕೃತಿ ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ. ಬಾಯಿಮಾತಿನ ಒಪ್ಪಿಗೆ ರಸ್ತೆಯಲ್ಲಿ ಕೆಲಸಕ್ಕೆ ಬರುವುದಿಲ್ಲ.

ಕೆರೆ ಅಂಗಳ, ಗೋಮಾಳ, ರಸ್ತೆ ಬದಿಯ ಗಿಡಗಳು ಪಂಚಾಯಿತಿ ಅಥವಾ ಸರಕಾರದ್ದು. ಪಂಚಾಯಿತಿಯಲ್ಲಿ ಕೇಳಿ, ಠರಾವು ಮಾಡಿಸಿಕೊಂಡೇ ಕೈ ಹಾಕಿ.

ಕಾಡಿನ ವಿಷಯ ಬೇರೆ. ಚಿಂಚೋಳಿ ವನ್ಯಜೀವಿಧಾಮ 2011ರಲ್ಲಿ ಘೋಷಣೆಯಾಗಿದೆ. ಕೊಂಚಾವರಂ ಕಡೆಯ ಕಾಡು ಸೇರಿ ಅದರ ವಿಸ್ತೀರ್ಣ ಸುಮಾರು 135 ಚದರ ಕಿಲೋಮೀಟರ್. ವನ್ಯಜೀವಿಧಾಮದ ಒಳಗಿನ ಮಾಲನ್ನು ವ್ಯಾಪಾರಕ್ಕೆ ತೆಗೆಯುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ತಡೆಯುತ್ತದೆ. ಅಲ್ಲಿ ದಿಂಡಿಗ ಕಂಡಿತು ಅಂತ ಚಾಕು ತೆಗೆಯಬೇಡಿ.

ಕಾಡನ್ನೇ ನಂಬಿ ಬದುಕುವ ಕುಟುಂಬಗಳಿಗೆ 2006ರ ಅರಣ್ಯ ಹಕ್ಕು ಕಾಯ್ದೆ ಅಂಟಿನಂಥ ಕಿರು ಅರಣ್ಯ ಉತ್ಪನ್ನದ ಮೇಲೆ ಒಡೆತನದ ಹಕ್ಕು ಕೊಡುತ್ತದೆ. ಆದರೆ ಹಕ್ಕು ತಾನಾಗಿ ಮನೆ ಬಾಗಿಲಿಗೆ ಬರುವುದಿಲ್ಲ. ಗ್ರಾಮಸಭೆಯ ಅರಣ್ಯ ಹಕ್ಕು ಸಮಿತಿಗೆ ಅರ್ಜಿ ಹಾಕಬೇಕು. ಪರಿಶಿಷ್ಟ ಪಂಗಡದವರಿಗೆ ಒಂದು ದಾರಿ. ಉಳಿದವರು 2005ರ ಡಿಸೆಂಬರ್ 13ಕ್ಕೂ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲೇ ಕಾಡಿನ ಆಧಾರದಲ್ಲಿ ಇದ್ದೆವು ಅಂತ ತೋರಿಸಬೇಕು. ನಮ್ಮ ರಾಜ್ಯದಲ್ಲಿ ಲಂಬಾಣಿಗರು ಪರಿಶಿಷ್ಟ ಜಾತಿಯಲ್ಲಿದ್ದಾರೆ. ಹೀಗಾಗಿ ಚಿಂಚೋಳಿ ಸುತ್ತಲಿನ ತಾಂಡಾದವರಿಗೆ ಈ ಎರಡನೇ ದಾರಿಯೇ ಗತಿ. 75 ವರ್ಷದ ದಾಖಲೆ ತರುವುದು ಎಷ್ಟು ಕಷ್ಟ ಅಂತ ತಾಂಡಾದ ಯಾರನ್ನು ಕೇಳಿದರೂ ಹೇಳುತ್ತಾರೆ. ಹಕ್ಕು ಸಿಕ್ಕವರಿಗೆ 2012ರ ತಿದ್ದುಪಡಿಯಿಂದ ಒಂದು ಅನುಕೂಲ ಆಗಿದೆ. ಸಾಗಾಟದ ಪರವಾನಗಿಯನ್ನು ಗ್ರಾಮಸಭೆ ನೇಮಿಸಿದ ಸಮಿತಿಯೇ ಕೊಡಬಹುದು.

ಕೇಂದ್ರ ಸರಕಾರ 2013–14ರಲ್ಲಿ ಕಿರು ಅರಣ್ಯ ಉತ್ಪನ್ನಗಳಿಗೆ ಬೆಂಬಲ ಬೆಲೆ ತಂದಾಗ, ಮೊದಲ ಪಟ್ಟಿಯಲ್ಲೇ ಕರಾಯ ಅಂಟು ಇತ್ತು. ಒಡ್ಡಿನ ಜಾಲಿ ಅಂಟಿನವರು ಈ ಬೆಂಬಲ ಬೆಲೆ ನಂಬಿ ಕೂರಬೇಡಿ. ನಿಮ್ಮದು ಮುಕ್ತ ಮಾರುಕಟ್ಟೆಯ ಮಾಲು.

3. ಯಾವಾಗ

ಶಿವರಾತ್ರಿ ಕಳೆದು ಬಿಸಿಲು ಏರತೊಡಗಿದ ಮೇಲೆ ಶುರು ಮಾಡಿ. ಮಾರ್ಚ್‌ನಿಂದ ಮೇ ಒಳ್ಳೆಯ ಕಾಲ. ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟಿದಾಗ ಜನ ಬೈದುಕೊಳ್ಳುತ್ತಾರೆ, ಅಂಟಿಗೆ ಅದೇ ಸುಗ್ಗಿ. ರೋಹಿಣಿ ಮಳೆಗೆ ಮುಂಚೆ, ಅಂದರೆ ಮೇ 25ರ ಒಳಗೆ, ದೊಡ್ಡ ಕೊಯ್ಲು ಮುಗಿಸಿಕೊಳ್ಳಿ. ಮಿರಗ ಹೂಡುವ ಹೊತ್ತಿಗೆ ಗಿಡದ ಮೇಲೆ ಏನೂ ಉಳಿದಿರಬಾರದು. ನಡುವೆ ಏಪ್ರಿಲ್‌ನಲ್ಲಿ ಗುಡುಗು, ಗಾಳಿ, ಆಣೆಕಲ್ಲು ಮಳೆ ಬರುತ್ತದೆ. ಮೋಡ ಕಟ್ಟಿದ ಸಂಜೆ ಉಳಿದ ಕೆಲಸ ಬಿಟ್ಟು ಮೊದಲು ಗಿಡದ ಕಡೆ ಹೋಗಿ. ಜಾಲಿ ಅಂಟು ನೀರಲ್ಲಿ ಕರಗುವ ಮಾಲು, ಒಂದು ಜೋರು ಮಳೆಗೆ ಗಟ್ಟಿ ಅಂಟು ಲೋಳೆಯಾಗಿ ತೊಗಟೆಯ ಕೊಳೆಯನ್ನೆಲ್ಲ ಎಳೆದುಕೊಂಡು ಇಳಿಯುತ್ತದೆ.

4. ಸಾಮಾನು

ಹರಿತವಾದ ಚಿಕ್ಕ ಚಾಕು ಅಥವಾ ಕುಡುಗೋಲು. ಕೊಡಲಿ ಬೇಡ. ಮೇಲಿನ ಕೊಂಬೆಗೆ ತುದಿಯಲ್ಲಿ ಚಪ್ಪಟೆ ಕಬ್ಬಿಣ ಕಟ್ಟಿದ ಬಿದಿರಿನ ಗಳ. ಎರಡು ಮೂರು ಚಿಕ್ಕ ಬುಟ್ಟಿ ಅಥವಾ ಸ್ಟೀಲ್ ಡಬ್ಬಿ. ಹಳೆಯ ಬಿಳಿ ಧೋತರ. ಎರಡು ಅಳತೆಯ ಜರಡಿ. ಗ್ರಾಂ ತೋರಿಸುವ ತಕ್ಕಡಿ. ದಪ್ಪ ಅಟ್ಟೆಯ ಚಪ್ಪಲಿ, ಸಾಧ್ಯವಾದರೆ ಬೂಟು. ಜಾಲಿ ಮುಳ್ಳು ಟೈರಿನ ಚಪ್ಪಲಿಯನ್ನೂ ಬಿಡುವುದಿಲ್ಲ. ಟಿಟಿ ಇಂಜೆಕ್ಷನ್ ಮಾಡಿಸಿ ವರ್ಷಗಳಾಗಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಮ್ಮೆ ಹೋಗಿ ಬನ್ನಿ.

5. ಗಾಯ ಮಾಡುವುದು

ಮೊದಲ ವರ್ಷ ಗಾಯವನ್ನೇ ಮಾಡಬೇಡಿ ಅನ್ನುವುದು ನನ್ನ ಸಲಹೆ. ತಾನಾಗಿ ಜಿನುಗಿದ್ದನ್ನಷ್ಟೇ ಬಿಡಿಸಿ, ಯಾವ ಗಿಡ ಎಷ್ಟು ಕೊಡುತ್ತದೆ ಅಂತ ಬರೆದಿಟ್ಟುಕೊಳ್ಳಿ. ಪಕ್ಕಪಕ್ಕದ ಎರಡು ಗಿಡಗಳಲ್ಲಿ ಒಂದು ಧಾರಾಳವಾಗಿ ಕೊಡುತ್ತದೆ, ಇನ್ನೊಂದು ಒಣಗಿ ನಿಂತಿರುತ್ತದೆ. ಕೊಡದ ಗಿಡಕ್ಕೆ ಎಷ್ಟು ಕಚ್ಚು ಹಾಕಿದರೂ ಅದು ಕೊಡುವುದಿಲ್ಲ, ಸುಮ್ನೆ ಗಿಡಕ್ಕೆ ಹಿಂಸೆ.

ಎರಡನೇ ವರ್ಷದಿಂದ, ಕೊಡುವ ಗಿಡಗಳಿಗೆ ಮಾತ್ರ ಹೀಗೆ ಮಾಡಿ:

ಕಾಂಡ ಅಥವಾ ದಪ್ಪ ಕೊಂಬೆಯ ಮೇಲೆ, ನೆಲದಿಂದ ಮೊಣಕಾಲೆತ್ತರಕ್ಕಿಂತ ಮೇಲೆ ಜಾಗ ಆರಿಸಿ. ಕೆಳಗಿದ್ದರೆ ಧೂಳು, ಆಡಿನ ಬಾಯಿ, ಗೆದ್ದಲು ಎಲ್ಲ ಮುಟ್ಟುತ್ತವೆ. ಮೇಲಿನ ಒರಟು ತೊಗಟೆಯನ್ನು ಚಾಕುವಿನಿಂದ ಹೆರೆದು ನುಣುಪು ಮಾಡಿ. ಮುಂದೆ ಇಲ್ಲಿಂದ ಉದುರುವ ಚೂರೇ ಅಂಟಿನಲ್ಲಿ ಸೇರಿ ದರ ಇಳಿಸುವುದು.

ಎರಡು ಬೆರಳಗಲ, ಒಂದು ಗೇಣಿಗಿಂತ ಕಡಿಮೆ ಉದ್ದದ ತೊಗಟೆಯ ಪಟ್ಟಿಯನ್ನು ತೆಳುವಾಗಿ ಎಬ್ಬಿಸಿ ತೆಗೆಯಿರಿ. ಚಾಕು ತೊಗಟೆಯಲ್ಲೇ ನಿಲ್ಲಬೇಕು. ಒಳಗಿನ ಗಟ್ಟಿ ಕಟ್ಟಿಗೆ ತಾಗಿದ ಸದ್ದು ಬಂದರೆ ಆಳವಾಯಿತು ಅಂತ ಅರ್ಥ. ಅಲ್ಲಿಂದ ಹುಳು ಒಳಗೆ ಸೇರುತ್ತದೆ.

ಒಂದು ಗಿಡಕ್ಕೆ ಒಂದೆರಡು ಗಾಯ ಸಾಕು. ಸುತ್ತಳತೆಯ ಮೂರನೇ ಒಂದು ಪಾಲಿಗಿಂತ ಹೆಚ್ಚು ತೊಗಟೆ ಯಾವತ್ತೂ ತೆಗೆಯಬಾರದು. ಸುತ್ತಲೂ ಬಳೆಯ ಹಾಗೆ ತೆಗೆದರೆ ಆ ಗಿಡ ಸಾಯುತ್ತದೆ. ತೋಳಿನ ದಪ್ಪ ಇಲ್ಲದ ಎಳೆ ಗಿಡ, ಹುಳು ಹಿಡಿದ ಗಿಡ, ಹಿಂದಿನ ವರ್ಷದ ಗಾಯ ಇನ್ನೂ ಮುಚ್ಚದ ಗಿಡ, ಇವನ್ನು ಬಿಟ್ಟುಬಿಡಿ.

ಎರಡು ಮೂರು ವಾರ ಕಾಯಿರಿ. ಗಾಯದ ಅಂಚಿನಲ್ಲಿ ಮೊದಲು ಹನಿ ಕಟ್ಟುತ್ತದೆ.

ಕರಾಯ ಮರದ ಲೆಕ್ಕ ಇದಲ್ಲ. ಅಲ್ಲಿ ಕಚ್ಚು ಹಾಕಿದ ಕೂಡಲೇ ಅಂಟು ಬರುತ್ತದೆ. ಮೊದಲ ದಿನವೇ ಅತಿ ಹೆಚ್ಚು, ಆಮೇಲೆ ಕೆಲವು ದಿನ ಇಳಿಯುತ್ತ ಹೋಗುತ್ತದೆ. ಆಂಧ್ರದ ಗುಡ್ಡಗಾಡಿನಲ್ಲಿ ಕೊಡಲಿಯಿಂದ ಆಳವಾಗಿ ಹೊಡೆದು ಬಹಳ ಮರ ಸಾಯಿಸಿದರು. ಆಮೇಲೆ ವಿಶಾಖಪಟ್ಟಣದ ಕೋವೆಲ್ ಫೌಂಡೇಶನ್ ಗಿರಿಜನರಿಗೆ ತೆಳು ಕಚ್ಚಿನ ಪದ್ಧತಿ, ಶುಚಿಯಾಗಿ ಸಂಗ್ರಹಿಸುವ ಪದ್ಧತಿ ಕಲಿಸಿತು. ಅಲ್ಲಿನ ಗಿರಿಜನ ಸಹಕಾರ ನಿಗಮ 1956ರಿಂದ ಇಂಥ ಮಾಲು ಕೊಳ್ಳುತ್ತಿದೆ. ಕರಾಯ ಮಾಡುವ ಆಸೆಯಿದ್ದವರು ಮೊದಲು ಅಂಥ ಕಡೆ ಹೋಗಿ ನೋಡಿ ಬರಬೇಕು, ವಿಡಿಯೋ ನೋಡಿ ಶುರು ಮಾಡುವ ಕೆಲಸ ಅದಲ್ಲ.

ಔಷಧದ ಮಾತು. ಜೋಧಪುರದ ಕೇಂದ್ರೀಯ ಒಣ ಪ್ರದೇಶ ಸಂಶೋಧನಾ ಸಂಸ್ಥೆ, ಅಂದರೆ ಕಾಜ್ರಿ, ಅಲ್ಲಿನ ಕುಮಟ ಅನ್ನುವ ಜಾತಿಯ ಜಾಲಿಗೆ ಎಥಿಫಾನ್ ಇರುವ ಒಂದು ದ್ರಾವಣ ಮಾಡಿದೆ. ಕಾಂಡಕ್ಕೆ ಚಿಕ್ಕ ತೂತು ಕೊರೆದು, 4 ಮಿಲಿಲೀಟರ್ ಹಾಕಿ, ಮಣ್ಣು ಮೆತ್ತಿ ಮುಚ್ಚುತ್ತಾರೆ. ರಾಜಸ್ಥಾನದ ರೈತರಿಗೆ ಇದರಿಂದ ಲಾಭವಾಗಿದೆ. ಇದನ್ನು ಕೇಳಿ ಕೆಲವರು ಗೊಬ್ಬರದಂಗಡಿಯಲ್ಲಿ ಹಣ್ಣು ಮಾಗಿಸುವ ಎಥಿಫಾನ್ ಬಾಟಲಿ ತಂದು, ಅಂದಾಜಿನಲ್ಲಿ ಸುರಿಯಲು ಹೊರಡುತ್ತಾರೆ. ಅಳತೆ ತಪ್ಪಿದರೆ ಗಿಡ ಮೇಲಿನಿಂದ ಒಣಗುತ್ತ ಬರುತ್ತದೆ. ಹತ್ತಿಪ್ಪತ್ತು ಗಿಡ ಇರುವವರಿಗೆ ಇದರ ಗೊಡವೆ ಬೇಡ. ನೂರಾರು ಗಿಡ ಇದ್ದರೆ ಕೃಷಿ ವಿಜ್ಞಾನ ಕೇಂದ್ರದ ಮೂಲಕ ಕಾಜ್ರಿಯವರನ್ನೇ ಕೇಳಿ.

6. ಬಿಡಿಸುವುದು

ಹೊಸ ಅಂಟನ್ನು ಬೆಳಿಗ್ಗೆ ನೋಡಿ. ಹೊರಗೆ ತೆಳ್ಳನೆಯ ಪೊರೆ, ಒಳಗೆ ಇನ್ನೂ ಮೆತ್ತಗೆ. ಹೆಬ್ಬೆರಳು ಒತ್ತಿದರೆ ಬೆರಳ ಗೆರೆ ಮೂಡುತ್ತದೆ. ಬೆರಳು ತೆಗೆದರೆ ನೂಲಿನಂತೆ ಎಳೆ ಬರುತ್ತದೆ. ಇದನ್ನು ಈಗಲೇ ಕಿತ್ತರೆ ಬುಟ್ಟಿಯಲ್ಲಿ ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತದೆ, ಮಧ್ಯಾಹ್ನದೊಳಗೆ ಎಲೆ, ಇರುವೆ, ಮುಳ್ಳು ಎಲ್ಲ ಅದರೊಳಗೆ. ನಾಲ್ಕೈದು ದಿನ ಬಿಡಿ. ಒತ್ತಿದರೆ ಗೆರೆ ಬೀಳಬಾರದು, ಬದಿಯಿಂದ ಬೆರಳು ತಳ್ಳಿದರೆ ಪಟ್ಟನೆ ಇಡಿಯಾಗಿ ಕಳಚಬೇಕು. ಅದೇ ಹದ. ಇನ್ನೂ ಬಿಟ್ಟರೆ ಮೈಯೆಲ್ಲ ಬಿರುಕು ಬಿಟ್ಟು, ಮುಟ್ಟಿದ ಕೂಡಲೇ ನುಚ್ಚಾಗಿ ನೆಲಕ್ಕೆ ಬೀಳುತ್ತದೆ.

ನೆಲಕ್ಕೆ ಬಿದ್ದದ್ದನ್ನು ಬೇರೆ ಡಬ್ಬಿಗೆ ಹಾಕಿ. ಎರೆ ಮಣ್ಣು ಒಮ್ಮೆ ಹತ್ತಿದರೆ ಬಿಡುವುದಿಲ್ಲ, ತೊಳೆಯಲೂ ಬರುವುದಿಲ್ಲ. ಗಿಡದ ಕೆಳಗೆ ಧೋತರ ಹಾಸಿಕೊಂಡರೆ ಈ ತಾಪತ್ರಯ ಅರ್ಧ ಕಡಿಮೆ.

ಬಳ್ಳಾರಿ ಜಾಲಿ, ಬೇವು, ಕರಿಜಾಲಿ ಒಂದೇ ಒಡ್ಡಿನಲ್ಲಿದ್ದರೆ ಒಂದು ದಿನ ಒಂದೇ ಜಾತಿ ಬಿಡಿಸಿ. ಬುಟ್ಟಿ ಬದಲಿಸುತ್ತೇನೆ ಅಂದುಕೊಂಡು ಹೊರಡುವವರು ಬಿಸಿಲೇರಿದ ಮೇಲೆ ಬದಲಿಸುವುದಿಲ್ಲ. ಮಕ್ಕಳು ಬಿಡಿಸಿ ತಂದ ಮಾಲನ್ನಂತೂ ಒಂದೊಂದಾಗಿ ನೋಡಲೇಬೇಕು.

ವಾರಕ್ಕೊಮ್ಮೆ ಸುತ್ತು ಹಾಕಿ. ಅದೇ ಗಾಯದ ಅಂಚನ್ನು ಸ್ವಲ್ಪ ಹೆರೆದರೆ ಮತ್ತೆ ಜಿನುಗುತ್ತದೆ. ಸೀಸನ್ ಮುಗಿಯುವವರೆಗೆ ಹೊಸ ಗಾಯ ಬೇಡ.

7. ಒಣಗಿಸುವುದು

ನೆರಳು, ಗಾಳಿ. ಇವೆರಡು ಸಾಕು. ಪಡಸಾಲೆಯಲ್ಲಿ ಹೊರಸಿನ ಮೇಲೆ ಬಿಳಿ ಬಟ್ಟೆ ಹಾಸಿ, ಒಂದರ ಮೇಲೊಂದು ಬೀಳದ ಹಾಗೆ ಹರಡಿ. ದಿನಕ್ಕೊಮ್ಮೆ ತಿರುವಿ ಹಾಕಿ. ಮೇಲೆ ತೆಳು ಸೊಳ್ಳೆಪರದೆ ಮುಚ್ಚಿದರೆ ನೊಣ, ಧೂಳು ಇಲ್ಲ. ನೇರ ಬಿಸಿಲಿಗೆ ಹಾಕಿದರೆ ಹೊರಮೈ ಬೇಗ ಬಿರಿದು ಒಳಗೆ ಹಸಿ ಉಳಿಯುತ್ತದೆ, ಹೊಳಪೂ ಹೋಗುತ್ತದೆ. ತಗಡಿನ ಮೇಲೆ ಹಾಕಿದರೆ ತಗಡಿಗೇ ಹತ್ತಿಕೊಳ್ಳುತ್ತದೆ.

ಎಷ್ಟು ದಿನ? ದಪ್ಪದ ಮೇಲೆ ಹೋಗುತ್ತದೆ. ತಕ್ಕಡಿಯನ್ನು ಕೇಳಿ. ಹೊಸ ಮಾಲಿನಲ್ಲಿ 100 ಗ್ರಾಂ ಬೇರೆ ತಟ್ಟೆಯಲ್ಲಿಟ್ಟು ದಿನಾ ತೂಗಿ. ಎರಡು ದಿನ ಒಂದೇ ತೂಕ ಬಂದರೆ ಒಣಗಿತು. ಆಮೇಲೆ ಒಂದು ದೊಡ್ಡ ಅಂಟನ್ನು ಒಡೆಯಿರಿ. ಒಡೆದ ಮೈ ನುಣ್ಣಗೆ, ಹೊಳೆಯುವಂತೆ ಇರಬೇಕು. ನಡುವೆ ಮೆತ್ತನೆಯ ಮಬ್ಬು ಕಂಡರೆ ಇನ್ನೂ ಎರಡು ದಿನ ಬಿಡಿ. ಆಹಾರಕ್ಕೆ ಬಳಸುವ ಅರೇಬಿಕ್ ಅಂಟಿನಲ್ಲಿ (ಅದು ಬೇರೆ ಜಾತಿಯ ಜಾಲಿಯದು) ತೇವ ನೂರಕ್ಕೆ 15 ದಾಟಬಾರದು ಅನ್ನುವುದು ಅಂತರರಾಷ್ಟ್ರೀಯ ಮಾನದಂಡ. ಕರಾಯಕ್ಕೆ 20ರವರೆಗೆ ಬಿಡುತ್ತಾರೆ. ನೀವು ಜಾಲಿ ಅಂಟಿಗೂ 15ನ್ನೇ ಗುರಿ ಇಟ್ಟುಕೊಳ್ಳಿ.

8. ಆರಿಸುವುದು: ದರ ಹುಟ್ಟುವ ಜಾಗ

ಮಧ್ಯಾಹ್ನ ಮನೆಯಲ್ಲಿ ಕೂತು ಮಾಡುವ ಕೆಲಸ ಇದು. ಸಾಮಾನ್ಯವಾಗಿ ಹೆಂಗಸರ ಪಾಲಿಗೆ ಬರುತ್ತದೆ. ಮಾಲಿನ ದರ ಏರಿಸುವುದು ಇದೇ ಕೆಲಸ. ಆದರೆ ಮನೆಯ ಲೆಕ್ಕದಲ್ಲಿ ಇದರ ಕೂಲಿ ಬರೆಯುವುದಿಲ್ಲ. ಬರೆಯಿರಿ.

ಮೊದಲು ದೊಡ್ಡ ಕಣ್ಣಿನ ಜರಡಿ, ಆಮೇಲೆ ಸಣ್ಣ ಕಣ್ಣಿನದು. ಮೇಲೆ ಉಳಿದ ಕಾಳನ್ನು ಬಿಳಿ ಬಟ್ಟೆಯ ಮೇಲೆ ಹರಡಿ ಬಣ್ಣ ನೋಡಿ ಆರಿಸಿ. ತಿಳಿ ಹಳದಿ, ಪಾರದರ್ಶಕ, ತೊಗಟೆ ಇಲ್ಲದ್ದು ಒಂದನೇ ನಂಬರ್. ಜೇನಿನ ಬಣ್ಣದ್ದು, ಒಂದೆರಡು ಚುಕ್ಕೆ ಇರುವುದು ಎರಡನೇದು. ಕಡುಗಂದು, ತೊಗಟೆ ಹತ್ತಿದ್ದು ಮೂರನೇದು. ಜರಡಿಯಿಂದ ಇಳಿದ ನುಚ್ಚು ಬೇರೆ. ತೊಗಟೆ ದೊಡ್ಡದಾಗಿ ಹತ್ತಿದ್ದರೆ ಚಾಕುವಿನ ಮೊನೆಯಿಂದ ಚಿಪ್ಪು ಎಬ್ಬಿಸಿ. ನೀರು ಮುಟ್ಟಿಸಬೇಡಿ.

ಒಂದನೇ ನಂಬರಿನಲ್ಲಿ ಮೂರನೆಯದರ ನಾಲ್ಕು ಕಾಳು ಬಿದ್ದರೂ ವ್ಯಾಪಾರಿಯ ಕಣ್ಣು ಮೊದಲು ಹೋಗುವುದು ಆ ನಾಲ್ಕರ ಮೇಲೆ.

9. ಮನೆಯಲ್ಲೇ ಪರೀಕ್ಷೆ

ಮಾರುವವರಿಗೂ ಬೇಕು, ಕೊಳ್ಳುವವರಿಗೂ ಬೇಕು.

ನೀರು. ಒಂದು ಲೋಟ ನೀರಿಗೆ ಒಂದು ಚಮಚ ಅಂಟು ಹಾಕಿ ರಾತ್ರಿ ಬಿಡಿ. ಜಾಲಿ ಅಂಟು ಕರಗಿ ತಿಳಿ ಕಂದು ನೀರಾಗುತ್ತದೆ, ತಳದಲ್ಲಿ ಕಸ ಎಷ್ಟಿದೆ ಅಂತಲೂ ಕಾಣುತ್ತದೆ. ಲೋಳೆ ಲೋಳೆಯಾಗಿ ಉಬ್ಬಿ ಕರಗದೇ ನಿಂತರೆ ಕರಾಯ ಜಾತಿಯದು ಬೆರೆತಿದೆ.

ಬೆಂಕಿ. ಚಿಮಟಿಗೆಯಲ್ಲಿ ಹಿಡಿದು ಉರಿಗೆ ತೋರಿಸಿ. ಅಂಟು ಉಬ್ಬಿ ಕರಿಯಾಗುತ್ತದೆ. ಹೊಗೆಯಾಡಿ ಧೂಪದ ವಾಸನೆ ಬಂದರೆ ಅದು ಅಂಟಲ್ಲ, ರಾಳ. ರಾಳ ನೀರಲ್ಲಿ ಕರಗುವುದಿಲ್ಲ, ಸ್ಪಿರಿಟ್‌ನಲ್ಲಿ ಕರಗುತ್ತದೆ. ಅಂಟು ಅದಕ್ಕೆ ಉಲ್ಟಾ.

ಅಯೋಡಿನ್. ಪುಡಿ ಅಂಟು ಕೊಳ್ಳುವಾಗ ಬೇಕು. ನೀರಲ್ಲಿ ಕದಡಿ ಕುದಿಸಿ, ಆರಿದ ಮೇಲೆ ಗಾಯಕ್ಕೆ ಹಚ್ಚುವ ಟಿಂಚರ್ ಅಯೋಡಿನ್ ಒಂದು ಹನಿ ಬಿಡಿ. ನೀಲಿಗಟ್ಟಿದರೆ ಹಿಟ್ಟು ಬೆರೆಸಿದ್ದಾರೆ.

ತುಪ್ಪ. ಉಂಡಿ ಮಾಡುವವರ ಪರೀಕ್ಷೆ. ಸಣ್ಣ ಉರಿಯಲ್ಲಿ ತುಪ್ಪ ಕಾಯಿಸಿ ನಾಲ್ಕು ಕಾಳು ಬಿಡಿ. ಒಣಗಿದ ಒಳ್ಳೆಯ ಅಂಟು ಅರಳಿ ಬಿಳಿಯಾಗುತ್ತದೆ, ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ನಡುವೆ ಗಟ್ಟಿ ಕಲ್ಲು ಉಳಿದರೆ ಮಾಲು ಹಸಿ ಇದೆ, ಇಲ್ಲವೇ ಉರಿ ಜಾಸ್ತಿ ಆಯಿತು. ಇಂಥದ್ದು ಬಾಣಂತಿಯ ಹಲ್ಲಿಗೆ ಸಿಕ್ಕರೆ ಅಂಗಡಿಯವನಿಗೆ ಬೈಗುಳ ಗ್ಯಾರಂಟಿ.

ಬಳ್ಳಾರಿ ಜಾಲಿ ಬೆರೆತಿದ್ದರೆ ಈ ನಾಲ್ಕರಲ್ಲಿ ಯಾವುದೂ ಖಚಿತವಾಗಿ ಹಿಡಿದುಕೊಡುವುದಿಲ್ಲ. ಅದಕ್ಕೇ ಗಿಡದಲ್ಲೇ ಬೇರೆ ಮಾಡಿ ಅಂತ ಇಷ್ಟು ಸಲ ಹೇಳಿದ್ದು.

10. ಇಡುವುದು

ಪೂರ್ತಿ ಒಣಗಿದ ಮೇಲೆ ಬಟ್ಟೆಯ ಚೀಲ, ಅದರ ಹೊರಗೆ ಮುಚ್ಚಳ ಗಟ್ಟಿ ಇರುವ ಸ್ಟೀಲ್ ಡಬ್ಬಿ. ಮಳೆಗಾಲದಲ್ಲಿ ಗೋಡೆಗೆ, ನೆಲಕ್ಕೆ ತಾಗದ ಹಾಗೆ ಇಡಿ. ಪುಡಿ ಮಾಡಿ ಇಡಬೇಡಿ, ಪುಡಿ ತೇವ ಎಳೆದು ಗಡ್ಡೆ ಕಟ್ಟುತ್ತದೆ. ಕರಾಯವಾದರೆ ಪುಡಿಯಾಗಿ ಇಟ್ಟಷ್ಟೂ ಅದರ ದಪ್ಪ ಕಟ್ಟುವ ಗುಣ ಕಡಿಮೆಯಾಗುತ್ತದೆ. ಪ್ರತಿ ಡಬ್ಬಿಗೂ ಚೀಟಿ: ಯಾವ ಗಿಡ, ಯಾವ ತಿಂಗಳು, ಎಷ್ಟನೇ ನಂಬರ್, ಎಷ್ಟು ತೂಕ.

11. ಮಾರುವುದು

ಮೂರು ದಾರಿ ಇವೆ.

ಕಲಬುರಗಿಯ ಗಂಜ್ (ದವಸದ ಸಗಟು ಪೇಟೆ), ಅಥವಾ ಬೀದರ್, ಯಾದಗಿರಿ ಪೇಟೆಯ ಕಿರಾಣಿ ಹೋಲ್‌ಸೇಲ್ ಅಂಗಡಿ ಮೊದಲನೆಯದು. ಗಂಜ್ ತೊಗರಿಯ ಊರು, ಅಂಟಿಗೆ ಅಲ್ಲಿ ಸವಾಲ್ (ಹರಾಜು) ನಡೆಯುವುದಿಲ್ಲ. ಕಿರಾಣಿ, ಗಿಡಮೂಲಿಕೆ ಸಾಮಾನು ಇಡುವ ಅಂಗಡಿ ಹುಡುಕಿ ಹೋಗಬೇಕು. ಪೂರ್ತಿ ಚೀಲ ಹೊತ್ತು ಹೋಗಬೇಡಿ. ಪ್ರತಿ ನಂಬರಿನದು 100 ಗ್ರಾಂ ಸ್ಯಾಂಪಲ್, ಬೇರೆ ಬೇರೆ ಪೊಟ್ಟಣದಲ್ಲಿ. ಮಾತು ಹೆಚ್ಚುಕಡಿಮೆ ಹೀಗೇ ಶುರುವಾಗುತ್ತದೆ:

"ಯಾವ ಗಿಡದ್ದರೀ ಇದು?"

"ಕರಿಜಾಲಿದರೀ ಸಾವ್ಕಾರ್ರ."

"ಬರೀ ಜಾಲಿದೇ ಅದನೋ, ಬ್ಯಾರೆ ಏನರೆ ಕೂಡ್ಯದ?"

ಅಷ್ಟು ಹೇಳುತ್ತಲೇ ಅವರು ಒಂದು ಕಾಳು ತೆಗೆದು ಬೆಳಕಿಗೆ ಹಿಡಿಯುತ್ತಾರೆ. ಆಮೇಲೆ ಹಲ್ಲಲ್ಲಿ ಕಡಿಯುತ್ತಾರೆ. ಪಟ್ಟನೆ ಒಡೆದರೆ ಒಣಗಿದೆ, ಹಲ್ಲಿಗೆ ಹತ್ತಿದರೆ ಹಸಿ. ಕೊನೆಗೆ ಮುಷ್ಟಿ ತುಂಬ ತೆಗೆದು ಮತ್ತೆ ಪೊಟ್ಟಣಕ್ಕೆ ಬಿಟ್ಟು ಅಂಗೈ ನೋಡುತ್ತಾರೆ, ಧೂಳು ಎಷ್ಟು ಉಳಿಯಿತು ಅಂತ. ಈ ಮೂರನ್ನೂ ನೀವು ಮನೆಯಲ್ಲೇ ಮಾಡಿಕೊಂಡು ಹೋಗಿದ್ದರೆ ಚೌಕಾಶಿಯಲ್ಲಿ ಮೇಲುಗೈ ನಿಮ್ಮದು. ಎರಡು ಮೂರು ಅಂಗಡಿಯಲ್ಲಿ ಕೇಳದೆ ದರ ಒಪ್ಪಬೇಡಿ. ಹಮಾಲಿ, ಕಮಿಷನ್, ತೂಕದಲ್ಲಿ ಕಡಿತ, ಎಲ್ಲ ತೂಗುವ ಮೊದಲೇ ಮಾತಾಡಿ. ಮನೆಯಲ್ಲಿ ತೂಗಿದ ಚೀಟಿ ಜೇಬಿನಲ್ಲಿರಲಿ.

ಎರಡನೆಯದು ಹೈದರಾಬಾದಿನ ಬೇಗಂ ಬಜಾರ್. ಕಿರಾಣಿ, ಡ್ರೈಫ್ರೂಟ್ಸ್ ಹೋಲ್‌ಸೇಲ್ ವ್ಯಾಪಾರದ ದೊಡ್ಡ ಜಾಗ. ನಮ್ಮ ಮೂರೂ ಊರಿನಿಂದ ರೈಲಿದೆ. ಐದು ಹತ್ತು ಕಿಲೋಗೆ ಹೋಗಿ ಬಂದರೆ ಟಿಕೆಟ್ ದುಡ್ಡೂ ಹುಟ್ಟುವುದಿಲ್ಲ. ಊರಿನ ಹತ್ತು ಮನೆಯವರು ಸೇರಿ, ಒಂದೇ ರೀತಿ ಆರಿಸಿದ ಮಾಲು ಒಟ್ಟು ಮಾಡಿದರೆ ಮಾತ್ರ ಗಿಟ್ಟುತ್ತದೆ.

ಒಂದು ಎಚ್ಚರಿಕೆ. ಹೊರಗಿನ ವ್ಯಾಪಾರಿಗೆ ಜಾಲಿ ಅಂಟನ್ನು "ಗಮ್ ಅರೇಬಿಕ್" ಅಂತ ಬರೆದುಕೊಡಬೇಡಿ. ಆಹಾರದ ಮಾನದಂಡದಲ್ಲಿ ಆ ಹೆಸರು ಸೆನೆಗಲ್ ಮತ್ತು ಸೆಯಾಲ್ ಅನ್ನುವ ಎರಡು ಜಾತಿಯ ಜಾಲಿಗಳ ಅಂಟಿಗೆ ಮಾತ್ರ ಸಲ್ಲುತ್ತದೆ. ಜಗತ್ತಿನಲ್ಲಿ ಅದನ್ನು ಅತಿ ಹೆಚ್ಚು ಬೆಳೆಯುವ ದೇಶ ಸುಡಾನ್. ನಮ್ಮ ಒಡ್ಡಿನ ಕರಿಜಾಲಿ ಬೇರೆ ಜಾತಿ. ಬಿಲ್ಲಿನಲ್ಲಿ ಜಾಲಿ ಅಂಟು ಅಂತಲೇ ಬರೆಸಿ.

ಮೂರನೆಯದು ನೇರ ಗಿರಾಕಿ. ನನ್ನ ಕೇಳಿದರೆ ಚಿಕ್ಕವರಿಗೆ ಇದೇ ವಾಸಿ. ಒಂದನೇ ನಂಬರ್ ಅಂಟನ್ನು 100, 250 ಗ್ರಾಂ ಪ್ಯಾಕೆಟ್ ಮಾಡಿ ಬಾಣಂತನದ ಮನೆಗಳಿಗೆ, ಊರಿನ ವಾಟ್ಸಾಪ್ ಗುಂಪಿನಲ್ಲಿ ಮಾರಿ. ಇನ್ನೂ ಒಂದು ಹೆಜ್ಜೆ ಮುಂದೆ ಹೋದರೆ ಉಂಡಿಯನ್ನೇ ಕಟ್ಟಿ. ಒಣ ಕೊಬ್ಬರಿ, ಉತ್ತತ್ತಿ, ಗಸಗಸೆ, ಬೆಲ್ಲ, ತುಪ್ಪದಲ್ಲಿ ಅರಳಿಸಿದ ಅಂಟು. ಸಂಜೀವಿನಿ ಸ್ವಸಹಾಯ ಗುಂಪಿನವರಿಗೆ ಇದು ಹೇಳಿ ಮಾಡಿಸಿದ ಕೆಲಸ. ಒಂದು ಕಿಲೋ ಉಂಡಿಗೆ ಅಂಟು ಬೇಕಾಗುವುದು ಸ್ವಲ್ಪವೇ. ಹೀಗಾಗಿ ಕಡಿಮೆ ಮಾಲು ಇದ್ದವರಿಗೂ ದಾರಿ ಇದೆ. ತಿನ್ನುವ ಪದಾರ್ಥ ಪ್ಯಾಕ್ ಮಾಡಿ ಮಾರುವವರಿಗೆ ಆಹಾರ ಸುರಕ್ಷತೆ ನೋಡಿಕೊಳ್ಳುವ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಚಿಕ್ಕವರಿಗೆ ಅದು ಆನ್‌ಲೈನ್‌ನಲ್ಲಿ ಕಡಿಮೆ ಫೀಸಿಗೆ ಆಗುತ್ತದೆ. ನೈಸರ್ಗಿಕ ಅಂಟಿನ ಎಚ್‌ಎಸ್‌ಎನ್ ಕೋಡ್ (ತೆರಿಗೆಗಾಗಿ ಸರಕನ್ನು ಗುರುತಿಸುವ ನಂಬರ್) 1301, ಜಿಎಸ್‌ಟಿ ನೂರಕ್ಕೆ 5. ಊರೊಳಗೆ, ರಾಜ್ಯದೊಳಗೆ ಸರಕು ಮಾರುವವರ ವರ್ಷದ ವಹಿವಾಟು 40 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿಯ ಚಿಂತೆ ಇಲ್ಲ. ಬೇಗಂ ಬಜಾರ್ ಬೇರೆ ರಾಜ್ಯದಲ್ಲಿದೆ, ಅಲ್ಲಿಗೆ ಕಳಿಸುವವರು ಮೊದಲು ಲೆಕ್ಕಪತ್ರದವರನ್ನು ಕೇಳಿಕೊಳ್ಳಿ.

12. ಲೆಕ್ಕ

ಉದಾಹರಣೆಗೆ 30 ಗಿಡ, ಗಿಡಕ್ಕೆ ಸರಾಸರಿ 200 ಗ್ರಾಂ ಅಂದುಕೊಳ್ಳಿ. 6 ಕಿಲೋ ಹಸಿ ಮಾಲು. ಒಣಗಿ, ಆರಿಸಿ 5 ಕಿಲೋ ಉಳಿಯಿತು ಅಂತಿಟ್ಟುಕೊಳ್ಳಿ. ಅದರಲ್ಲಿ 2 ಕಿಲೋ ಒಂದನೇದು, 2 ಎರಡನೇದು, 1 ಉಳಿದದ್ದು. ಮೂರಕ್ಕೂ ಅಂಗಡಿಯಲ್ಲಿ ಕೇಳಿದ ದರ ಹಾಕಿ ಗುಣಿಸಿ. ಆ ಮೊತ್ತವನ್ನು ಬಿಡಿಸಿದ, ಆರಿಸಿದ ಒಟ್ಟು ಗಂಟೆಗಳಿಂದ ಭಾಗಿಸಿ. ನಿಮ್ಮೂರಿನ ಕೂಲಿಗಿಂತ ಕಡಿಮೆ ಬಂದರೆ ಒಂದನೇ ನಂಬರಿನದನ್ನು ನೇರ ಗಿರಾಕಿಗೆ ಮಾರಿ ನೋಡಿ. ಆಗಲೂ ಗಿಟ್ಟದಿದ್ದರೆ ಮನೆಯ ಉಂಡಿಗೆ ಇಟ್ಟುಕೊಂಡು ಸುಮ್ಮನಿರಿ.

13. ಮಿರಗದ ಮೇಲೆ

ಮಳೆ ಬಿದ್ದ ಮೇಲೆ ಗಿಡಕ್ಕೆ ಬಿಡುವು. ಗಾಯಕ್ಕೆ ಸೆಗಣಿ, ಎಣ್ಣೆ ಏನೂ ಬಳಿಯುವ ಅಗತ್ಯವಿಲ್ಲ, ತೆಳು ಗಾಯವಾಗಿದ್ದರೆ ಅಂಚಿನಿಂದ ಹೊಸ ತೊಗಟೆ ತಾನೇ ಮುಚ್ಚಿಕೊಂಡು ಬರುತ್ತದೆ. ಈ ವರ್ಷ ಗಾಯ ಮಾಡಿದ ಗಿಡಕ್ಕೆ ಸುಣ್ಣದ ಒಂದು ಗೆರೆ, ನೋಟ್‌ಬುಕ್ಕಿನಲ್ಲಿ ಗಿಡದ ನಂಬರ್, ಗಾಯ ಯಾವ ದಿಕ್ಕಿಗೆ ಅಂತ ಒಂದು ಸಾಲು. ಮುಂದಿನ ವರ್ಷ ಆ ಗಿಡಕ್ಕೆ ರಜೆ ಕೊಡಿ, ಗೆರೆ ಇಲ್ಲದ ಗಿಡಕ್ಕೆ ಹೋಗಿ. ಮೂರನೇ ವರ್ಷ ಹಳೆಯ ಗಾಯ ಪೂರ್ತಿ ಮುಚ್ಚಿದ್ದರೆ ಅದರ ಎದುರು ಬದಿಯಲ್ಲಿ ಹೊಸದು ಮಾಡಿ. ಅಕ್ಟೋಬರ್ ಹೊತ್ತಿಗೆ ಬಿಸಿಲು ಮರಳಿದಾಗ ಒಂದಿಷ್ಟು ಅಂಟು ತಾನಾಗಿ ಕಾಣಬಹುದು. ಅದನ್ನು ಬಿಡಿಸಿಕೊಳ್ಳಿ, ಚಾಕು ಮಾತ್ರ ಒಳಗೇ ಇರಲಿ.